ಬೀರುವಿನಲ್ಲಿ ಬಚ್ಚಿಟ್ಟ ಉಪ್ಪಿನಕಾಯಿ

ಅತ್ತೆ,

ಇವರ ಬಟ್ಟೆ ತೆಗೆದುಕೊಂಡು ಆಸ್ಪತ್ರೆಗೆ ವಾಪಸ್ ಹೊರಟಿದ್ದೇನೆ. ನಿಮಗೆ ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಎದುರು ನಿಂತು ಹೇಳುವ ಧೈರ್ಯವೂ ಇಲ್ಲ.

ಅಡುಗೆ ಮಾಡಿಟ್ಟಿದ್ದೇನೆ. ಎರಡು ತುತ್ತಾದರೂ ತಿಂದು ಬನ್ನಿ.

ನೀವು ಕದ್ದುಮುಚ್ಚಿ ನಿಮ್ಮ ಮಗನಿಗೆ ಕೊಡುತ್ತಿದ್ದ ಕ್ಯಾರೆಟ್ ಉಪ್ಪಿನಕಾಯಿಯ ಜಾಡಿ ನನ್ನ ಬೀರುವಿನಲ್ಲಿದೆ, ಬಟ್ಟೆಗಳ ಹಿಂದೆ. ಬಚ್ಚಿಟ್ಟವಳು ನಾನೇ. "ತರಕಾರಿ ತಾನೇ ಕಣೇ, ನಾರಿದೆ, ಹುಳಿ ಬಂದಿದ್ದು ಹೊಟ್ಟೆಗೆ ಒಳ್ಳೇದು" ಅಂತ ವಾದ ಮಾಡಿದ್ದಿರಿ. ನೀವು ಹೇಳಿದ್ದು ಸುಳ್ಳಲ್ಲ. ಆದರೆ ಕಿಡ್ನಿ ಕೈಕೊಟ್ಟವರಿಗೆ ಅದರಲ್ಲಿರುವ ಉಪ್ಪು ವಿಷ ಅಂತ ಡಾಕ್ಟರು ಹೇಳಿದ್ದರು. ಅದಕ್ಕೇ ನಿಮ್ಮ ಮೇಲೆ ಅಷ್ಟು ಕೂಗಾಡಿದೆ. ಮೂರು ತಿಂಗಳಿಂದ ನೆಟ್ಟಗೆ ಮಾತೂ ಆಡಿಲ್ಲ.

ಬೆಳಿಗ್ಗೆ ಅದೇ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನು ಪಥ್ಯ ಬೇಡಮ್ಮ. ಅವರು ಏನು ಕೇಳ್ತಾರೋ ಕೊಡಿ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ನೀವೂ ಕೇಳಬೇಡಿ.

ಇವರು ನಿನ್ನೆಯಿಂದ ಆ ಉಪ್ಪಿನಕಾಯಿಯನ್ನೇ ಕೇಳುತ್ತಿದ್ದಾರೆ. ಜಾಡಿ ತನ್ನಿ, ನೀವೇ ತಿನ್ನಿಸಿ. ನನ್ನ ಕೈಲಿ ಆಗಲ್ಲ.

ಆಟೋದಲ್ಲೇ ಬನ್ನಿ ಅತ್ತೆ. ಬಸ್ಸಿಗೆ ಕಾಯಬೇಡಿ.