ಎಂಟನೆಯ ದಿನದ ತೋಳು

ಫಾಲ್ಗುಣ ೨೪, ಬಂಗಾಳಿ ಸನ ೧೨೮೯. ಬೆಳಿಗ್ಗೆ

ಇವತ್ತು ಎಂಟನೆಯ ದಿನ. ಬೆಸ್ತರ ಕೇರಿಗೆ ಹೋದೆ. ಹೋದ ವಾರ ಸಿಡುಬಿನ ದಾಕು ಹಾಕಿದ್ದು ಏಳು ಮಕ್ಕಳಿಗೆ, ಆರು ತೋಳು ನಾಪತ್ತೆ. ಪ್ರತಿ ಸಲವೂ ಇದೇ ಹಾಡು. ಬೈದುಕೊಂಡಾದರೂ ಹಾಕಿಸುತ್ತಾರೆ. ಎಂಟನೆಯ ದಿನ ಗುಳ್ಳೆ ಹಣ್ಣಾಗಿ, ಅದರ ರಸ ತೆಗೆದು ಇನ್ನೊಂದು ಮಗುವಿಗೆ ಹಾಕುವ ಹೊತ್ತಿಗೆ ಸರಿಯಾಗಿ ತಾಯಂದಿರು ದೋಣಿ ಹತ್ತಿ ತವರಿಗೆ ಪರಾರಿ. ರಸದ ಜೊತೆ ಮಗುವಿನ ಆಯುಷ್ಯವೂ ಸೋರಿ ಹೋಗುತ್ತದಂತೆ.

ಮೀನು ಮಾರುವ ಖಾಂದಿ — ಗಂಡ ಸತ್ತವಳು, ಬಾಯಿ ಮಾತ್ರ ಸತ್ತಿಲ್ಲ — ತನ್ನ ಮಗಳು ಟುನಿಗೆ ಹಾಕಿಸಲೇ ಇಲ್ಲ. ಕೇರಿಯ ನಡುವೆ ನಿಂತು ಕೂಗಿದಳು: "ಏನ್ ಬಾಬು, ಊರ್ ಮಕ್ಳ ತೋಳೆಲ್ಲಾ ಕೆರೆದಾಯ್ತು. ನಿಮ್ ಫೆಲನ ತೋಳು ಒಂದ್ಸಲ ತೋರ್ಸಿ, ನಾವೂ ನೋಡ್ತೀವಿ!"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ. ನನ್ನ ಮಗನ ತೋಳು ಬೋಳು. ಊರಿಗೆಲ್ಲ ಗೊತ್ತು.

ಉಳಿದದ್ದು ಕುರುಡ ನೇಕಾರನ ಮೊಮ್ಮಗಳ ತೋಳೊಂದೇ. ರಸ ಸಿಕ್ಕಿತು. ಹಾಕಲು ಮಗು ಸಿಗಲಿಲ್ಲ. ಈ ಬಿಸಿಲಿಗೆ ಎರಡು ಗಾಜಿನ ಚೂರುಗಳ ನಡುವೆ ಸಂಜೆವರೆಗೆ ಬದುಕೀತು, ಆಮೇಲೆ ಬರೀ ಅಂಟು. ಕಾರ್ತಿಕದಿಂದ ತೋಳಿಂದ ತೋಳಿಗೆ ನಡೆಸಿಕೊಂಡು ಬಂದಿದ್ದೇನೆ. ಈ ಎಳೆ ಇವತ್ತು ಕಡಿದರೆ ಕಡಿಯಿತು... ದೋಣಿ ಕಟ್ಟುವ ಘಾಟಿನ ಆಚೆ ಮೂರು ಮನೆಗಳಲ್ಲಿ ಸಿಡುಬು.

ಅದೇ ದಿನ, ಸಂಜೆ

ಫೆಲನಿಗೆ ಹಾಕಿಬಿಟ್ಟೆ.

ನನ್ನ ಹೆಂಡತಿ ಖ್ಯಾಂತಮಣಿ ಮೂರು ಮಕ್ಕಳನ್ನು ಹೆತ್ತು ಕಳೆದುಕೊಂಡವಳು. ನಾಲ್ಕನೆಯವನಿಗೆ ಫೆಲ, ಅಂದರೆ 'ಬಿಸಾಡಿದವನು' ಅಂತ ಹೆಸರಿಟ್ಟಳು, ಯಮನಿಗೆ ಆಸೆ ಹುಟ್ಟದಿರಲಿ ಎಂದು. ಸಿಡುಬಿನ ದೇವತೆ ಶೀತಲಾ ತಾಯಿಗೆ ಹರಕೆ ಬೇರೆ — ಐದು ವರ್ಷ ತುಂಬುವವರೆಗೆ ಹುಡುಗನ ಮೈಗೆ ಕಬ್ಬಿಣ ತಾಗಿಸುವಂತಿಲ್ಲ. ಉಗುರನ್ನು ಹಲ್ಲಿನಲ್ಲಿ ಕಚ್ಚಿ ತೆಗೆಯುತ್ತಾಳೆ. ಇನ್ನು ದಾಕು ಹಾಕುವ ನನ್ನ ಉಕ್ಕಿನ ಲ್ಯಾನ್ಸೆಟ್‌ಗೆ ಎಲ್ಲಿಯ ಜಾಗ.

"ಕಬ್ಬಿಣ ಬೇಡ," ಅಂದೆ. "ಬಿಲ್ವದ ಮುಳ್ಳು?"

ಒಲೆಗೆ ಸೌದೆ ತುರುಕುತ್ತಲೇ ಇದ್ದಳು. ಅನ್ನ ಸೀದುಹೋಯಿತು.

"ಮುಳ್ಳಿನ್ ಮಾತು ನಾನು ತಾಯಿಗೆ ಹೇಳಿಲ್ಲ," ಅಂದಳು ಕೊನೆಗೆ. "ಬೇಗ ಮುಗ್ಸಿ. ನಾನು ನೋಡಲ್ಲ."

ಎರಡು ಕಡೆ ಹಾಕಿದೆ.

ಫಾಲ್ಗುಣ ೨೭

ಹಿಡಿದಿದೆ! ಎರಡೂ ಕಡೆ ಕೆಂಪು, ಬೆರಳಿಗೆ ಗಟ್ಟಿ ಸಿಗುತ್ತದೆ. ಖ್ಯಾಂತಮಣಿಗೆ ತೋರಿಸಿದೆ. "ಸೊಳ್ಳೆ ಕಚ್ಚಿದಂಗಿದೆ" ಅಂದಳು. ಸೊಳ್ಳೆಗೂ ಇಷ್ಟು ಅಚ್ಚುಕಟ್ಟಿಲ್ಲ ಕಣೇ.

ರಸ ಬೇಕೆಂದು ಬರೆದಿದ್ದಕ್ಕೆ ಆಫೀಸಿನ ಉತ್ತರ ಬಂತು. ಸೀಸನ್ ಮುಗಿಯಿತು, ಮಳೆಗಾಲ ಕಳೆಯುವವರೆಗೆ ರಸ ಕಳಿಸುವುದಿಲ್ಲ, ವರ್ಷದ ಲೆಕ್ಕದ ರಿಟರ್ನ್ ಕೂಡಲೇ ಕಳಿಸತಕ್ಕದ್ದು. ಹಾಗಾದರೆ ಈ ಠಾಣೆಗೆ ಸೇರಿದ ಅಷ್ಟೂ ಹಳ್ಳಿಗಳಲ್ಲಿ ಜೀವಂತ ರಸ ಇರುವುದು ನನ್ನ ಮಗನ ತೋಳಿನಲ್ಲಿ ಮಾತ್ರ.

ಸಿಡುಬು ಘಾಟು ದಾಟಿದೆ. ಬೆಸ್ತರ ಕೇರಿಯಲ್ಲಿ ಎರಡು ಮನೆ.

ಫಾಲ್ಗುಣ ೩೦

ಏಳನೆಯ ದಿನ. ಗುಳ್ಳೆಗಳು ಮುತ್ತಿನ ಹಾಗಿವೆ. ಎರಡೇ, ಆದರೆ ಹುಷಾರಾಗಿ ತೆಗೆದರೆ ಹದಿನೈದು ಮಕ್ಕಳಿಗೆ ಸಾಕು. ಅವರಿಂದ ಎಂಟು ದಿನಕ್ಕೆ ಇಡೀ ಊರಿಗೆ.

ಫೆಲನಿಗೆ ಜ್ವರ. ಇರುವುದೇ, ಹೆದರಬೇಕಾಗಿಲ್ಲ. ಎಲ್ಲ ತಾಯಂದಿರಿಗೂ ನಾನೇ ಹೇಳುವ ಮಾತು.

ಮಧ್ಯಾಹ್ನ ಖಾಂದಿ ಬಂದಳು. ಟುನಿಯನ್ನು ನನ್ನ ಹೊಸಿಲ ಮೇಲೆ ಮಲಗಿಸಿ ದೂರ ನಿಂತಳು. ಮಗು ಹೆಬ್ಬೆರಳು ಚೀಪುತ್ತ ನನ್ನನ್ನೇ ನೋಡಿತು.

"ಪಕ್ಕದ್ ಮನೇಗೆ ತಾಯಿ ಬಂದವ್ಳೆ, ಬಾಬು. ಅವತ್ತು ಬಾಯಿ ಹರ್ದೆ, ತಪ್ಪಾಯ್ತು. ಬೇಕಿದ್ರೆ ನಾಕು ಏಟು ಹಾಕಿ. ಇವಳ್ಗೆ ಹಾಕ್ಬಿಡಿ."

"ನಾಳೆ ಬಾ. ಹಣ್ಣಾಗೋದು ನಾಳೆ."

"ಮೊದ್ಲು ಇವಳ್ಗೆ?"

"ಮೊದಲು ಇವಳಿಗೇ."

ಚೈತ್ರ ೧. ಬೆಳಿಗ್ಗೆ

ಜ್ವರ ಇಳಿದಿಲ್ಲ. ಮೈ ಸುಡುತ್ತಿದೆ. ಮೊಲೆ ಹಿಡಿಯುತ್ತಿಲ್ಲ. ಗುಳ್ಳೆ ತುಂಬಿ ನಿಂತಿದೆ. ಅಂಥ ಗುಳ್ಳೆ ನಾನು ಈ ವರ್ಷ ಕಂಡಿಲ್ಲ.

ಅಂಗಳದಲ್ಲಿ ಆಗಲೇ ಹನ್ನೊಂದು ಹೆಂಗಸರು. ದಾಕು ಹಾಕಿಸದೆ ಮಕ್ಕಳನ್ನು ಬಚ್ಚಿಟ್ಟಿದ್ದವರು ತಾವಾಗಿ ಬಂದು ಕೂತಿದ್ದಾರೆ. ಹತ್ತು ವರ್ಷದಿಂದ ನಾನು ಕಾದಿದ್ದ ದಿನ.

ಚೈತ್ರ ೧. ಮಧ್ಯಾಹ್ನ

ಮುಳ್ಳು ತೊಳೆದು ಒಳಗೆ ಹೋದೆ. ಖ್ಯಾಂತಮಣಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆಗೆ ಸೇರಿದ್ದಳು.

"ಹಾಕೋಕೆ ಒಪ್ಪಿದ್ದೆ. ತೆಗ್ಯೋಕೆ ಒಪ್ಪಿಲ್ಲ."

"ಗುಂಡುಪಿನ್ನಿನಷ್ಟು ತೂತು ಕಣೇ. ನಾನೇ ಮಾಡೋದು."

"ನಂದಿ ಮನೆ ಮಗೂಗೂ ನೀವೇ ಮಾಡಿದ್ದಲ್ವಾ?"

ಅದೊಂದು ಮಾತು ಆಡಬಾರದಿತ್ತು. ಹೋದ ವರ್ಷ ನಂದಿಯವರ ಮಗುವಿನ ತೋಳು ತೆರೆದೆ. ಹೀಗೇ ಜ್ವರ ಇತ್ತು. ಮೂರನೆಯ ದಿನ ತೋಳು ಭುಜದವರೆಗೆ ಕೆಂಪಾಗಿ ಊದಿತು, ಐದನೆಯ ದಿನ ಮಗು ಇಲ್ಲ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ನೂರಕ್ಕೊಂದು ಹಾಗಾಗುತ್ತದೆ ಅಂತ ಊರಿಗೆಲ್ಲ ಸಮಾಧಾನ ಹೇಳಿಕೊಂಡು ತಿರುಗಿದೆ. ಆ ಒಂದು ನನ್ನ ಮನೆಯದಾದರೆ?

ಹೊರಗೆ ಬಂದೆ. ಎಲ್ಲರೂ ಎದ್ದು ನಿಂತರು. ಖಾಂದಿ ಟುನಿಯ ತೋಳನ್ನು ಉಜ್ಜಿ ಉಜ್ಜಿ ತೊಳೆದು ತಂದಿದ್ದಳು.

"ಹಿಡಿದಿಲ್ಲ," ಅಂದೆ. "ಬರೀ ನೀರುಗುಳ್ಳೆ. ಪ್ರಯೋಜನ ಇಲ್ಲ."

ಸುಳ್ಳು ಹೇಳು ಅಂತ ಖ್ಯಾಂತಮಣಿ ಹೇಳಲಿಲ್ಲ. ಅದು ನನ್ನ ಸ್ವಂತದ್ದು.

ಜಗಳವಾಡುತ್ತಾರೆ, ತೋಳು ತೋರಿಸು ಅನ್ನುತ್ತಾರೆ ಅಂದುಕೊಂಡಿದ್ದೆ. ಒಬ್ಬಳೂ ಕೇಳಲಿಲ್ಲ. ನಂಬಿದರು. ಹತ್ತು ವರ್ಷ ನಾನು ಹೇಳಿದ ನಿಜವನ್ನು ನಂಬದವರು. "ನಾಳೆ ಏನಾದ್ರೂ ಹಿಡೀಬೌದಾ?" ಅಂದಳು ಖಾಂದಿ. ಇಲ್ಲ ಅಂದೆ.

ಚೈತ್ರ ೨

ಬೆಳಗಿನ ಜಾವ ಜ್ವರ ಬಿಟ್ಟಿದೆ! ಮಗು ನಕ್ಕಿತು, ಗಂಜಿ ಕೇಳಿತು. ಖ್ಯಾಂತಮಣಿ ಅಳುತ್ತಿದ್ದಾಳೆ.

ಗುಳ್ಳೆ ಇನ್ನೂ ತಿಳಿಯಾಗಿದೆ. ಒಂಬತ್ತನೆಯ ದಿನವೂ ನಡೆಯುತ್ತದೆ, ಎಷ್ಟೋ ಸಲ ನಡೆಸಿದ್ದೇನೆ. ಖ್ಯಾಂತಮಣಿಯೇ ಅಂದಳು — "ಈಗ ಬೇಕಾದ್ರೆ ತೆಗೀರಿ. ಕರೀರಿ ಅವರ್ನ."

ಚಪ್ಪಲಿ ಮೆಟ್ಟಿ ಬೇಲಿಯವರೆಗೆ ಹೋದೆ. ಏನೆಂದು ಕರೆಯಲಿ? ನಿನ್ನೆ ನೀರುಗುಳ್ಳೆ, ಇವತ್ತು ರಸವೇ? ನಿನ್ನೆ ಸುಳ್ಳು ಹೇಳಿದ ಅಂತ ತಿಳಿದರೆ ಈ ಠಾಣೆಯಲ್ಲಿ ಇನ್ನು ಯಾರು ತೋಳು ಕೊಡುತ್ತಾರೆ? ಹಾಗಂತ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ನಾಚಿಕೆಯಾಯಿತು, ಅಷ್ಟೆ. ಬೇಲಿಯಿಂದ ವಾಪಸ್ ಬಂದೆ.

ಅವರು ಮನೆಯಲ್ಲಿಲ್ಲ ಅಂತ ಖ್ಯಾಂತಮಣಿಗೆ ಹೇಳಿದೆ. ಎರಡನೆಯ ಸುಳ್ಳು ಸಲೀಸಾಗಿ ಬಂತು.

ಚೈತ್ರ ೩

ರಸ ಕದಡಿದೆ. ಮುಗಿಯಿತು. ವರ್ಷದ ರಿಟರ್ನ್ ಬರೆದೆ. ಫೆಲನನ್ನು 'ಸಕ್ಸೆಸ್‌ಫುಲ್' ಕಾಲಮ್ಮಿಗೆ ಹಾಕಿದೆ. ಕಾಗದಕ್ಕೆ ಸುಳ್ಳು ಹೇಳಲು ಕೈ ಬರಲಿಲ್ಲ.

ಚೈತ್ರ ೯

ಟುನಿಗೆ ತಾಯಿ ಬಂದಿದ್ದಾಳೆ. ಬಾಗಿಲಿಗೆ ಬೇವು ಕಟ್ಟಿದ್ದಾರೆ. ಹೊರಗೇ ನಿಂತೆ. ಒಳಗಿನಿಂದ ಖಾಂದಿಯ ದನಿ, ಯಾವತ್ತೂ ಕೇಳದಷ್ಟು ಮೆತ್ತಗೆ — "ತಂಪಾಗಿರು ತಾಯಿ, ತಂಪಾಗಿರು."

ಚೈತ್ರ ೧೭

ಟುನಿ ಹೋಯಿತು. ಬೆಸ್ತರ ಕೇರಿಯಲ್ಲಿ ಇದು ಆರನೆಯದು. ಆರರಲ್ಲಿ ಐದು ನನ್ನ ಅಂಗಳಕ್ಕೆ ಬಂದಿದ್ದವು.

ಚೈತ್ರ ೨೬. ಬೆಳಿಗ್ಗೆ

ಖಾಂದಿ ಬರುತ್ತಾಳೆ ಅಂದುಕೊಂಡಿರಲಿಲ್ಲ. ನದಿಗೆ ಹೋಗುತ್ತಿದ್ದವಳು ನಮ್ಮ ಮನೆ ಮುಂದೆ ನಿಂತಳು. ಫೆಲ ಬರೀ ಮೈಯಲ್ಲಿ ಅಂಗಳದಲ್ಲಿ ಮಣ್ಣು ಕಲಸುತ್ತಿದ್ದ. ಹಕ್ಕಳೆ ಬಿದ್ದುಹೋಗಿ ಎರಡು ದುಂಡನೆಯ ಗುರುತು. ಈ ಊರಲ್ಲಿ ಈಗ ಎಲ್ಲರಿಗೂ ಗೊತ್ತು, ಒಳ್ಳೆಯ ಗುರುತು ಹೇಗಿರುತ್ತದೆ ಅಂತ.

ಖಾಂದಿ ಕುಕ್ಕರಗಾಲಲ್ಲಿ ಕೂತು ಅವನ ತೋಳು ಹಿಡಿದಳು. ಹೆಬ್ಬೆರಳಿನಿಂದ ಒಂದನ್ನು ಸವರಿದಳು, ಆಮೇಲೆ ಇನ್ನೊಂದನ್ನು. ಕೋಪ ಇರಲಿಲ್ಲ. ಇದ್ದಿದ್ದರೆ ನಾನು ಬದುಕುತ್ತಿದ್ದೆ.

"ಚೆನ್ನಾಗ್ ಹಿಡಿದದೆ ಬಾಬು. ನಿಮ್ಮದಾದ್ರೂ ಉಳೀತಲ್ಲ, ತಾಯಿ ದೊಡ್ಡೋಳು." ಆಮೇಲೆ ತಲೆಯೆತ್ತಿದಳು. "ನಾವ್ ಹೋದ್ಮೇಲೆ ಹಿಡೀತಾ?"

"ಹೂಂ. ಆಮೇಲೆ."

ತಲೆದೂಗಿದಳು. ಎದ್ದಳು. ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಬೇಲಿಯ ಹತ್ತಿರ ನಿಂತಳು, ಆ ದಿನ ನಾನು ನಿಂತ ಕಡೆಯೇ.

"ಒಂದ್ ಮಾತು ಕೂಗ್ಬಾರ್ದಿತ್ತಾ, ಬಾಬು? ಓಡಿ ಬರ್ತಿದ್ದೆ."

ನಾನು ಅವಳಿಗೆ ಹೇಳಿದ್ದು — "ಕೂಗಿದ್ದೆ. ನೀನು ಮನೇಲಿರಲಿಲ್ಲ."