ಕಡೇ ನುಡಿಯಲ್ಲಿ ಯಾರ ಹೆಸರು

ಸ್ವೋರ್ಡ್ಸ್, ಐರ್ಲೆಂಡ್
ಮಾರ್ಚ್ ೨೮, ೨೦೨೧

ನನ್ನ ಮೇಲೆ ಸಿಟ್ಟಾಗಲು ಪೂರ್ತಿ ಹಕ್ಕಿರುವ ಗೆಳೆಯ ಮೆಲ್ವಿನ್‌ಗೆ ಅಲ್ತಾಫನ ಸಲಾಂ.

ಫೋನ್ ಎತ್ತುವುದಿಲ್ಲ, ವಾಟ್ಸಾಪ್‌ನಲ್ಲಿ ಬ್ಲಾಕ್ ಮಾಡಿದ್ದೀಯ. ಡನ್‌ಡಾಕ್‌ಗೆ ನಿನ್ನ ಮನೆಗೇ ಬಂದುಬಿಡೋಣವೆಂದರೆ ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ. ಮಂಗಳೂರಿನವನೊಬ್ಬನ ಕಾಲು ಹಿಡಿಯಲು ಹೊರಟಿದ್ದೇನೆ ಎಂದರೆ ಇಲ್ಲಿನ ಗಾರ್ಡಾ ಪೊಲೀಸರು ಬಿಟ್ಟಾರೆಯೇ? ಅದಕ್ಕೇ ಈ ಕಾಗದ.

ನನ್ನ ದನಿ ಹಾಕಿ ನೀನು ಮಾಡಿದ ಜಂಗಲ್ ಹಾಡು ಇಲ್ಲಿ ಮನೆಮನೆಯಲ್ಲೂ ಓಡುತ್ತಿದೆ. ಕ್ಲಬ್ಬುಗಳಿಗೆ ಬೀಗ ಬಿದ್ದಿದ್ದರಿಂದ ಜನ ಅಡುಗೆಮನೆಯಲ್ಲೇ ಕುಣಿಯುತ್ತಿದ್ದಾರಂತೆ, ರೇಡಿಯೊದವರು ಹೇಳಿದರು. ಪಕ್ಕದ ಮನೆಯ ಮುದುಕಿ ಕೂಡ ಕಸದ ಬಿನ್ ಹೊರಗಿಡುವಾಗ ಸೊಂಟ ಅಲ್ಲಾಡಿಸಿದ್ದನ್ನು ಕಣ್ಣಾರೆ ಕಂಡೆ. ನಮ್ಮ ಮಗಳು ನಾದಿಯಾ ಮಾತ್ರ ತನ್ನ ಐರಿಷ್ ರಾಗದಲ್ಲಿ, ಹಾಡು ಗ್ರ್ಯಾಂಡ್ ಆಗಿದೆ, ಆದರೆ ನಮ್ಮ ಅಬ್ಬಾ ಯಾಕೆ ಇಷ್ಟು ಅವಸರದಲ್ಲಿ ಹಾಡುತ್ತಿದ್ದಾರೆ ಎಂದು ಕೇಳಿದಳು.

ಜಗಳದ ಮೂಲ ನಿನಗೆ ಗೊತ್ತು. ಆದರೂ ನನ್ನ ಬಾಯಲ್ಲಿ ಒಮ್ಮೆ ಕೇಳು. ಜನವರಿಯಲ್ಲಿ ಕೋವಿಡ್ ಬಂದು ಮಹಡಿಯ ಕೋಣೆಯಲ್ಲಿ ಬಿದ್ದಿದ್ದೆ. ಹೆಂಡತಿ ನುಜ್ಹತ್ ತಟ್ಟೆಯನ್ನು ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ನೀನು ಸಂಜೆಸಂಜೆಗೆ ಫೋನ್ ಮಾಡುತ್ತಿದ್ದೆ. ಹೇಗಿದ್ದೀಯ ಎಂದರೆ ನಾನು ಆರಾಮ ಎಂದು ಸುಳ್ಳು ಹೇಳುತ್ತಿದ್ದೆ. ಅದಕ್ಕೆ ನೀನೊಂದು ಉಪಾಯ ಹೂಡಿದೆ. ನಿಮ್ಮೂರಿನ ಮೊಹರಂ ಪದ ಹಾಡು, ಬಾಯಿ ಸುಳ್ಳು ಹೇಳಿದರೂ ಉಸಿರು ಹೇಳುವುದಿಲ್ಲ ಅಂದೆ. ನಾನು ಬಿಸ್ಕತ್ತಿನ ಡಬ್ಬಿಯನ್ನೇ ಹಲಗೆ ಮಾಡಿಕೊಂಡು ಹಾಡಿದೆ. ನಿನ್ನೆಗಿಂತ ಇವತ್ತು ಉಸಿರು ಹೇಗಿದೆ ನೋಡಲು ನೀನು ರೆಕಾರ್ಡ್ ಮಾಡಿಟ್ಟುಕೊಂಡೆ.

ಕಾಯಿಲೆ ಜಾಸ್ತಿಯಾಗಿ ಸೇರಿದ್ದ ಆಸ್ಪತ್ರೆಯಿಂದ ನಾನು ಬಂದ ಮೇಲೆ, ಅದನ್ನು ಜಂಗಲ್ ಮಾಡಲೇ ಎಂದು ನೀನು ಕೇಳಿದೆ. ಡ್ರಮ್ಮನ್ನು ತುಂಡು ತುಂಡು ಮಾಡಿ ಬೆನ್ನಟ್ಟಿ ಓಡಿಸುವ ಆ ಸಂಗೀತ ನನಗೇನು ಗೊತ್ತು? ಮಾಡು ಅಂದೆ. ಹಾಡು ಗೆದ್ದಿತು, ನನ್ನ ತಲೆ ಕೆಟ್ಟಿತು. ನಮ್ಮ ಪದಗಳ ಕಡೇ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು ಬರಲೇಬೇಕು. ನನಗೆ ಕಲಿಸಿದ ಚಿಕ್ಕಣ್ಣ ಮಾಸ್ತರರ ಹೆಸರು ಲೋಕದಲ್ಲಿ ಇರುವುದು ಅಲ್ಲೊಂದೇ ಕಡೆ. ನಿನ್ನ ಹಾಡಿನಲ್ಲಿ ಆ ನುಡಿಯೇ ಇರಲಿಲ್ಲ. ನನ್ನ ಗುರುವಿನ ಹೆಸರು ಕತ್ತರಿಸಿದ ಕಳ್ಳ ಎಂದು ಕನ್ನಡದವರ ಗ್ರೂಪಿನಲ್ಲಿ ಬರೆದುಬಿಟ್ಟೆ. ನೀನು ಹಾಡಿನ ಕೆಳಗೆ ‘ಸಾಹಿತ್ಯ: ಅಲ್ತಾಫ್’ ಎಂದು ಸೇರಿಸಿದೆ. ಬರೆದವನು ನಾನಲ್ಲವಲ್ಲ, ಉರಿಯುವ ಬೆಂಕಿಗೆ ಎಣ್ಣೆ ಬಿದ್ದಂತಾಯಿತು. ಕತ್ತರಿಸಲು ಅಲ್ಲಿ ಏನೂ ಇರಲಿಲ್ಲ ಎಂದು ನೀನು ಒಂದೇ ಒಂದು ಮಾತು ಬರೆದೆ. ಅದನ್ನು ಸೊಕ್ಕು ಅಂದುಕೊಂಡೆ.

ಮೊನ್ನೆ ನುಜ್ಹತ್ ರೊಟ್ಟಿ ಬಡಿಯುತ್ತ ಫೋನನ್ನು ನನ್ನ ಮುಂದೆ ತಳ್ಳಿದಳು.

"ಪೂರಾ ಕೇಳ್ರಿ. ಆಮೇಲೆ ಬೇಕಿದ್ರೆ ಜಗಳ ಆಡ್ರಿ."

ನೀನು ಅವಳಿಗೆ ಕಳಿಸಿದ್ದ ಮೂಲ ರೆಕಾರ್ಡು. ಕಡೇ ನುಡಿ ಎತ್ತುತ್ತೇನೆ, ಕೆಮ್ಮು ಬರುತ್ತದೆ, ಡಬ್ಬಿ ಬೀಳುತ್ತದೆ. ಆಮೇಲೆ ಏನೂ ಇಲ್ಲ. ಆಮೇಲೆ ನಿನ್ನ ಧ್ವನಿ: "ಅಲ್ತಾಫ್, ಉಸಿರಾಡೋ. ಲೋ ಅಲ್ತಾಫ್." ನೀನು ಇನ್ನೊಂದು ಫೋನಿನಿಂದ ನುಜ್ಹತ್‌ಳನ್ನು ಕೂಗಿ ಕರೆದು, ಬಾಗಿಲು ತೆಗೆಸಿ, ಆಂಬ್ಯುಲೆನ್ಸ್ ಕರೆಸಿದ್ದೆಲ್ಲ ಅದರಲ್ಲಿದೆ. ನನಗೆ ಒಂದೂ ನೆನಪಿಲ್ಲ, ಹೆದರಿಕೊಳ್ಳುತ್ತೇನೆಂದು ನುಜ್ಹತ್ ಕೂಡ ಹೇಳಿರಲಿಲ್ಲ. ಹಾಡಿನ ಕೊನೆಯಲ್ಲಿ ಹಕ್ಕಿ ಕೂಗಿದ ಹಾಗೆ ಬರುತ್ತದಲ್ಲ, ಜನ ಎರಡೂ ಕೈ ಎತ್ತಿ ಕುಣಿಯುವ ಜಾಗ, ಅದು ನೀನು ನನ್ನನ್ನು ಕರೆದದ್ದೇ, ವೇಗ ಹೆಚ್ಚಿಸಿದ್ದೀಯ ಅಷ್ಟೆ. ಗುರುವಿನ ಹೆಸರು ಬರಬೇಕಾದ ಕಡೆ ನೀನು ನನ್ನ ಹೆಸರು ಕೂಗಿದ್ದೆ. ತುಂಬಾ ಅತ್ತೆ, ಮೆಲ್ವಿನ್.

ಚಿಕ್ಕಣ್ಣ ಮಾಸ್ತರರಿಗೆ ಫೋನ್ ಹಚ್ಚಿ ಎಲ್ಲ ಹೇಳಿ ಹಾಡನ್ನೂ ಕೇಳಿಸಿದೆ. ಹಿಂದೆ ನಾಯಿ ಬೆನ್ನುಹತ್ತಿತ್ತೇನೋ ಎಂದು ಮೊದಲು ನಕ್ಕರು. ಆಮೇಲೆ ಅಂದರು: "ಗುರುವಿನ ಹೆಸರು ಯಾಕ ಹಾಕ್ತೇವಿ? ಹಾಡು ನಮ್ಮ ಬಾಯಾಗ ಉಳಿಸಿದಾವ ಅವ ಅಂತ. ಈ ಸಲ ನಿನ್ನ ಬಾಯಾಗ ಉಳಿಸಿದಾವ ಯಾರು?"

ಅವರೇ ಅಲ್ಲೇ ಹೊಸ ಕಡೇ ನುಡಿ ಕಟ್ಟಿದರು. ಊರು ಡನ್‌ಡಾಕ್, ಹೆಸರು ಮೆಲ್ವಿನ್. ನಾನು ಹಟ ಹಿಡಿದ ಮೇಲೆ ತಮ್ಮ ಹೆಸರನ್ನು ಒಂದು ಮೂಲೆಯಲ್ಲಿ ಸೇರಿಸಿದರು. ಹಾಡಿ, ಪೆನ್‌ಡ್ರೈವ್‌ಗೆ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಬೇಕಾದಷ್ಟು ಓಡಿಸು, ಹೆಸರು ಮಾತ್ರ ಕೇಳಿಸಲಿ. ಕಳ್ಳ ಎಂದು ಬರೆದ ಗ್ರೂಪಿನಲ್ಲೇ ನಡೆದದ್ದನ್ನೆಲ್ಲ ಬರೆದಿದ್ದೇನೆ. ನಿನ್ನ ಋಣ ತೀರಿಸುವ ಮಾತು ಆಡುವುದಿಲ್ಲ. ಅದು ಇರಲಿ, ಇದ್ದರೇ ಚೆಂದ.

ನಿನ್ನಿಂದ ಇನ್ನೂ ಉಸಿರಾಡುತ್ತಿರುವ,
ಅಲ್ತಾಫ್

ತಾ.ಕ.: ಹೊಸ ನುಡಿಯಲ್ಲಿ ನಿನ್ನ ಹೆಸರು ಹಾಡಿರುವುದು ನುಜ್ಹತ್. ಅಷ್ಟರಲ್ಲಿ ನನ್ನ ದಮ್ಮು ಮುಗಿದಿತ್ತು. ಪೂರ್ತಿ ಗುಣವಾಗಿದ್ದೇನೆಂದು ಕೆಲಸದಲ್ಲಿ, ಊರಿನಲ್ಲಿ, ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನಗೆ ಹೇಳಿ ಪ್ರಯೋಜನವಿಲ್ಲ, ನನ್ನ ಉಸಿರು ಕೇಳಿದರೆ ಗೊತ್ತಾಗಿಬಿಡುತ್ತದೆ. ಸಂಜೆ ಫೋನ್ ಮಾಡಿ ಹಾಡಿಸು.