ಹೋಲಿಕೆ ನಿಷೇಧ ಮತ್ತು ನನ್ನ ಮೊಮ್ಮಗಳ ಹೊಟ್ಟೆನೋವು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಮಕ್ಕಳ ಬರವಣಿಗೆಯಲ್ಲಿ ಹೋಲಿಕೆ, ರೂಪಕ ಕಂಡರೆ ಅಂಕ ಕಳೆಯಬೇಕೆಂಬ ತಮ್ಮ ಸುತ್ತೋಲೆಯನ್ನು ಈ ಕೂಡಲೇ ಹಿಂಪಡೆಯಿರಿ. ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ, ಜೀವಮಾನವೆಲ್ಲ ಲೆಕ್ಕ ಕಲಿಸಿದವನು. 'ವಿಮರ್ಶಾತ್ಮಕ ಚಿಂತನೆ ಬೆಳೆಸಲು, ಸಾಬೀತುಪಡಿಸಲಾಗದ ವಾಕ್ಯಗಳನ್ನು ಬೇರುಸಹಿತ ಕಿತ್ತುಹಾಕತಕ್ಕದ್ದು' ಎಂದು ಅಪ್ಪಣೆ ಕೊಡಿಸಿದ್ದೀರಿ. ಬಹಳ ಸಂತೋಷ. ವಾಕ್ಯಕ್ಕೆ ಬೇರು ಎಲ್ಲಿರುತ್ತದೆ ಎಂದು ಐದನೇ ಕ್ಲಾಸಿನ ನನ್ನ ಮೊಮ್ಮಗಳು ಕೇಳುತ್ತಿದ್ದಾಳೆ. ಏನು ಹೇಳಲಿ?

ಅಜ್ಜನಿಗೆ ಸಿಟ್ಟು ಬಂದರೆ ಕುಕ್ಕರಿನ ಹಾಗೆ ಸೀಟಿ ಹಾಕುತ್ತಾರೆ ಎಂದು ಅವಳು ಪ್ರಬಂಧದಲ್ಲಿ ಬರೆದಿದ್ದಳು. ಟೀಚರು 'ಆಧಾರವಿಲ್ಲ' ಎಂದು ಅರ್ಧ ಅಂಕ ಕಳೆದರು. ಆಧಾರ ಬೇಕಿದ್ದರೆ ಮನೆಗೆ ಬರಬಹುದಿತ್ತು, ನನ್ನ ಸೊಸೆ ಖುಷಿಯಿಂದ ಸಾಕ್ಷಿ ಹೇಳುತ್ತಿದ್ದಳು. ಟೀಚರನ್ನು ದೂರಲಾರೆ, ಪಾಪ, ಅವರ ತಲೆಯ ಮೇಲೆ ತಮ್ಮ ಸುತ್ತೋಲೆ ತೂಗುತ್ತಿದೆ. ಹುಡುಗಿ ಮಾತ್ರ ಅಂದಿನಿಂದ ಮನೆಯಲ್ಲೇ ತಮ್ಮ ಕಚೇರಿಯ ಶಾಖೆ ತೆರೆದಳು. ಅವಳಮ್ಮ 'ತಲೆ ತಿನ್ನಬೇಡ' ಎಂದು ಗದರಿದರೆ, ತಿಂದದ್ದಕ್ಕೆ ಆಧಾರ ಕೇಳಿದಳು. ನಾವೆಲ್ಲ ನಕ್ಕೆವು.

ಕಳೆದ ವಾರ ನಗು ನಿಂತಿತು. ಹೊಟ್ಟೆ ನೋವು ಎಂದಳು. ಹೇಗೆ ನೋವು ಎಂದರೆ 'ನೋವು', ಅಷ್ಟೇ. ಶಾಲೆ ತಪ್ಪಿಸುವ ನೆಪವೆಂದು ಗದರಿ ಕಳಿಸಿದೆವು. ಮಾರನೇ ದಿನ ಮುಖ ಬಿಳಿಚಿಕೊಂಡಿತು, ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಚುಚ್ಚುತ್ತಾ, ಉರಿಯುತ್ತಾ, ಹಿಂಡುತ್ತಾ ಎಂದು ಡಾಕ್ಟರಮ್ಮ ಕೇಳಿದರೆ ಇವಳದು ಮತ್ತೆ 'ನೋವು', ಅಷ್ಟೇ. ಕೊನೆಗೆ, ಹಾಗೆಲ್ಲ ಹೇಳಿದರೆ ಅಂಕ ಹೋಗುತ್ತದೆ ಎಂದು ಬಿಕ್ಕಿದಳು.

"ಇಲ್ಲಿ ಅಂಕ ಇಲ್ಲ ಪುಟ್ಟಿ. ಹೆಂಗಿದೆ ಅಂತ ನೀನು ಹೇಳು, ಹೌದೋ ಅಲ್ವೋ ನಾನು ಪರೀಕ್ಷೆ ಮಾಡಿ ನೋಡ್ತೀನಿ," ಎಂದರು ಡಾಕ್ಟರಮ್ಮ.

"ಒದ್ದೆ ಬಟ್ಟೆ ಹಿಂಡ್ತಾರಲ್ಲ, ಹಾಗೆ. ಬಿಡ್ತಾರೆ, ಮತ್ತೆ ಹಿಂಡ್ತಾರೆ. ಬೆನ್ನಿಂದ ಶುರುವಾಗುತ್ತೆ."

ಸ್ಕ್ಯಾನ್ ಮಾಡಿಸಿದರು. ಮೂತ್ರನಾಳದಲ್ಲಿ ಸಣ್ಣ ಕಲ್ಲು ಸಿಕ್ಕಿಕೊಂಡಿತ್ತು. ಆ ಡಾಕ್ಟರಮ್ಮ ಬರೀ ಹೋಲಿಕೆ ನಂಬಿ ಚಾಕು ಎತ್ತಲಿಲ್ಲ, ಹೋಲಿಕೆಯೇ ಬೇಡವೆಂದು ಮಗುವಿನ ಬಾಯಿಯನ್ನೂ ಮುಚ್ಚಿಸಲಿಲ್ಲ. ತಾವು ಶಾಲೆಯಲ್ಲಿ ಕಲಿಸಬೇಕಾದದ್ದು ಇದನ್ನೇ ಅಲ್ಲವೇ? ಮಕ್ಕಳು ಹೋಲಿಸಲಿ. ಎಲ್ಲಿ ಹೋಲುತ್ತದೆ, ಎಲ್ಲಿ ಹೋಲುವುದಿಲ್ಲ ಎಂದು ಜಗಳವನ್ನೂ ಆಡಲಿ. ಲೆಕ್ಕದ ಮೇಷ್ಟ್ರಾದ ನಾನೇ ಒಪ್ಪಿರುವಾಗ ತಮ್ಮದೇನು ತಕರಾರು?

ಹುಡುಗಿ ಈಗ ಗುಣವಾಗಿದ್ದಾಳೆ, ಸೋಮವಾರ ಶಾಲೆಗೆ ಹೋಗಬೇಕು. ನಿನ್ನೆ ಚೀಲ ಜೋಡಿಸುತ್ತಾ, "ಅಜ್ಜಾ, ಶಾಲೇಲಿ ಮತ್ತೆ ನೋವು ಬಂದ್ರೆ ಹೆಂಗೆ ಹೇಳ್ಲಿ?" ಎಂದು ಕೇಳಿದಳು. ಸೋಮವಾರದೊಳಗೆ ಉತ್ತರವನ್ನು ತಾವೇ ಬರೆದು ಅವಳಿಗೆ ಕಳಿಸಿ.

ಇಂತಿ,
ಸೋಮವಾರಕ್ಕೆ ದಿನ ಎಣಿಸುತ್ತಿರುವ
ಒಬ್ಬ ನಿವೃತ್ತ ಲೆಕ್ಕದ ಮೇಷ್ಟ್ರು